ಓಲೆಯ ಮಸಿ ಮತ್ತು ರೋಹಿತದ ಸಾಕ್ಷ್ಯ

ಕಾಲನಿರ್ದೇಶವಿಲ್ಲದ ಹಸ್ತಪ್ರತಿಯ ಕಾಲನಿರ್ಣಯಕ್ಕೆ ವಿದ್ವಾಂಸರು ಲಿಪಿ, ಭಾಷೆ, ಪುಷ್ಪಿಕೆ, ಗುರುಪರಂಪರೆಗಳನ್ನು ಆಧಾರವಾಗಿ ಗ್ರಹಿಸುತ್ತ ಬಂದಿದ್ದಾರೆ. ವಿಧಿವಿಜ್ಞಾನದ ಪ್ರಯೋಗಾಲಯಗಳಲ್ಲಿ ಖೋಟಾ ದಸ್ತಾವೇಜುಗಳ ಪರೀಕ್ಷೆಗೆ ಬಳಸುವ ರೋಹಿತದರ್ಶನ ಹಾಗೂ ವಿಶ್ಲೇಷಣ ರಸಾಯನದ ಕ್ರಮಗಳು ಈಗ ಈ ಆಧಾರಗಳ ಜೊತೆಗೆ ಸೇರಿವೆ. ಅವು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಅರಿಯದೆ ಪ್ರತಿಯನ್ನು ಪರೀಕ್ಷೆಗೆ ಒಪ್ಪಿಸುವುದು ಯುಕ್ತವಲ್ಲ.

ಈ ಕ್ರಮಗಳಲ್ಲಿ ಒಂದಕ್ಕೆ ಕನ್ನಡನಾಡಿನ ಸಂಬಂಧವಿದೆ. ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿ 1928ರ ಫೆಬ್ರವರಿ 28ರಂದು ಕಂಡುಕೊಂಡ ಪರಿಣಾಮವನ್ನು ಅದೇ ವರ್ಷದ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ಏಕವರ್ಣದ ಬೆಳಕು ವಸ್ತುವಿನ ಮೇಲೆ ಬಿದ್ದು ಚದರಿದಾಗ ಅದರ ಅತ್ಯಲ್ಪಾಂಶವು ಅಣುಗಳ ಕಂಪನಕ್ಕೆ ಅನುಗುಣವಾಗಿ ವರ್ಣಭೇದವನ್ನು ಹೊಂದುತ್ತದೆ. ಈ ಭೇದಗಳ ಪಂಕ್ತಿಯೇ ವಸ್ತುವಿನ ಗುರುತು. ಇಂಗಲೀಕದ ಮುಖ್ಯರೇಖೆಗಳು ತರಂಗಸಂಖ್ಯೆ 253 ಮತ್ತು 343ರ ಬಳಿ ಕಾಣುತ್ತವೆ. ದೀಪದ ಕಾಡಿಗೆಯು 1350 ಮತ್ತು 1590ರ ಸುಮಾರಿಗೆ ಎರಡು ಅಗಲವಾದ ಪಟ್ಟಿಗಳನ್ನು ಕೊಡುತ್ತದೆ. ಕ್ಷಕಿರಣ ಪ್ರತಿದೀಪ್ತಿಯೆಂಬ ಇನ್ನೊಂದು ಕ್ರಮವು ಮೂಲಧಾತುಗಳನ್ನು ತೋರಿಸುತ್ತದೆ: ಕೆಂಪಿನಲ್ಲಿ ಪಾದರಸ ಕಂಡರೆ ಇಂಗಲೀಕ, ಕಬ್ಬಿಣ ಕಂಡರೆ ಕಾವಿ ಎಂದು ಊಹಿಸಬಹುದು. ಅರಗಿನ ಕೆಂಪು ಜೀವಿಜನ್ಯವಾದುದರಿಂದ ಈ ಕ್ರಮಕ್ಕೆ ಸಿಕ್ಕದು. ಮೂಡುಬಿದಿರೆಯ ಧವಳಾದಿ ಸಚಿತ್ರ ಪ್ರತಿಗಳ ವರ್ಣಗಳ ವಿಷಯದಲ್ಲಿಯೂ ಓಲೆಯಿಂದ ಚೂರನ್ನೂ ತೆಗೆಯದೆ ಇಂಥ ಪ್ರಶ್ನೆಗಳನ್ನು ಕೇಳಬಹುದು.

ಇಂಥ ಪರೀಕ್ಷೆಯ ಬಲವನ್ನೂ ಮಿತಿಯನ್ನೂ ತಿಳಿಯಲು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿನ್‌ಲ್ಯಾಂಡ್ ಭೂಪಟದ ವೃತ್ತಾಂತ ಉಪಯುಕ್ತ. ಹದಿನೈದನೆಯ ಶತಮಾನದ್ದೆಂದು 1965ರಲ್ಲಿ ಪ್ರಕಟವಾದ ಈ ಪಟದ ಮಸಿಯಲ್ಲಿ ಅನಟೇಸ್ ರೂಪದ ಟೈಟೇನಿಯಂ ಡೈಆಕ್ಸೈಡ್ ಇರುವುದನ್ನು ವಾಲ್ಟರ್ ಮೆಕ್ರೋನ್ 1974ರಲ್ಲಿ ತಿಳಿಸಿದರು. ಅದು ಇಪ್ಪತ್ತನೆಯ ಶತಮಾನದ ಕಾರ್ಖಾನೆಗಳ ಬಿಳಿಬಣ್ಣ. ಆದರೆ 1980ರ ದಶಕದಲ್ಲಿ ಬೇರೆ ಪರೀಕ್ಷಕರು ಟೈಟೇನಿಯಂ ಅತ್ಯಲ್ಪವೆಂದು ಆಕ್ಷೇಪಿಸಿದರು. ಅನಟೇಸ್ ನಿಸರ್ಗದಲ್ಲಿಯೂ ಉಂಟೆಂಬ ವಾದವೂ ಬಂದಿತು. 2002ರಲ್ಲಿ ರಾಮನ್ ಪರೀಕ್ಷೆಯಿಂದ ಅನಟೇಸ್ ಇರುವುದು ಮತ್ತೆ ಸಿದ್ಧವಾಯಿತು. ಇಡೀ ಪಟದ ರೇಖೆಗಳಲ್ಲಿ ಟೈಟೇನಿಯಂ ವ್ಯಾಪಿಸಿರುವುದನ್ನು ಕಂಡ ಬಳಿಕ 2021ರಲ್ಲಿ ಯೇಲ್ ವಿಶ್ವವಿದ್ಯಾಲಯವೇ ಪಟವು ಖೋಟಾ ಎಂದು ಸಾರಿತು. ಅದರ ಚರ್ಮಪತ್ರವಾದರೋ ಇಂಗಾಲದ ಕಾಲಗಣನೆಯಂತೆ ಸುಮಾರು 1434ರದು. ಪತ್ರ ಹಳೆಯದು, ಬರೆಹ ಹೊಸದು.

ಜೈನ ನ್ಯಾಯದಲ್ಲಿ ಹೇತುವಿನ ಏಕೈಕ ಲಕ್ಷಣ ಅನ್ಯಥಾನುಪಪನ್ನತ್ವ. ಟೈಟೇನಿಯಂ ಕಂಡಮಾತ್ರಕ್ಕೆ ಅದು ಸಿದ್ಧಹೇತುವಾಗಲಿಲ್ಲ. ಪತ್ರಕ್ಕೆ ಅಂಟಿದ ಧೂಳು, ನೈಸರ್ಗಿಕ ಖನಿಜ ಮೊದಲಾದ ಪಕ್ಷಗಳು ನಿರಸ್ತವಾದ ಮೇಲೆಯೇ ಆಯಿತು. ಇಲ್ಲಿ ಪರೀಕ್ಷೆಯು ನಿರ್ಣಯಿಸಿದ್ದು ಈ ಬರೆಹ ಇಂಥ ಕಾಲದ್ದಾಗಿರಲಾರದು ಎಂಬ ನಿಷೇಧವನ್ನು. ಬರೆಹದ ಕಾಲ ಇಂಥದೇ ಎಂಬ ವಿಧಿ ಅದರಿಂದ ಸುಲಭವಾಗಿ ದೊರೆಯದು.

ನಮ್ಮ ಓಲೆಗಳಲ್ಲಿ ಈ ಮಿತಿ ಇನ್ನಷ್ಟು ಸ್ಪಷ್ಟ. ಬಸದಿಯ ಭಂಡಾರದ ಪ್ರತಿಯಾಗಲಿ, ಚಿಕ್ಕಬಳ್ಳಾಪುರದ ಉತ್ತರದ ಪೆರೇಸಂದ್ರದಂಥ ಊರಿನ ಮನೆಯೊಂದರ ಅಟ್ಟದಲ್ಲಿ ಉಳಿದಿರಬಹುದಾದ ಕಟ್ಟಾಗಲಿ, ಕಂಟದಿಂದ ಗೀರಿದ ಓಲೆಗೆ ಕಾಡಿಗೆಯನ್ನು ಆಮೇಲೆ ತುಂಬಲಾಗುತ್ತದೆ. ಅಕ್ಷರ ಮಸುಕಾದಾಗ ಮತ್ತೆ ತುಂಬುವುದೂ ರೂಢಿ. ಗೀರು ಪ್ರಾಚೀನವಾಗಿದ್ದು ಕಾಡಿಗೆ ಇತ್ತೀಚಿನದಾಗಿರಬಹುದು. ನೂರು ವರ್ಷದ ಕಾಡಿಗೆಗೂ ಐನೂರು ವರ್ಷದ ಕಾಡಿಗೆಗೂ ರಾಮನ್ ಪಟ್ಟಿಗಳಲ್ಲಿ ನಂಬತಕ್ಕ ಭೇದವಿಲ್ಲ. ಓಲೆಗೆ ಸವರಿದ ಎಣ್ಣೆಯ ಪ್ರತಿದೀಪ್ತಿಯು ಕ್ಷೀಣವಾದ ರಾಮನ್ ರೇಖೆಗಳನ್ನು ಮುಚ್ಚಿಬಿಡಬಲ್ಲದು. ಲೇಸರಿನ ಬಲ ಮಿತಿಮೀರಿದರೆ ಕಪ್ಪು ಮಸಿ ಕಾದು ಓಲೆಯೇ ಸುಡುವ ಭಯವುಂಟು.

ಆದುದರಿಂದ ಪರೀಕ್ಷೆಗೆ ಒಂದು ಕ್ರಮ ಅವಶ್ಯಕ. ಮೊದಲು ಬರಿಗಣ್ಣು ಮತ್ತು ಭೂತಗನ್ನಡಿ. ಅನಂತರ ನೇರಳಾತೀತ ಮತ್ತು ಅವಕೆಂಪು ಬೆಳಕಿನ ಛಾಯಾಚಿತ್ರ. ಆಮೇಲೆ ಕ್ಷಕಿರಣ ಪ್ರತಿದೀಪ್ತಿ ಮತ್ತು ರಾಮನ್ ಕ್ರಮ. ಚೂರನ್ನು ತೆಗೆಯಲೇಬೇಕಾದ ಪರೀಕ್ಷೆಗಳು ಕಟ್ಟಕಡೆಗೆ, ಅದೂ ಬೇರೆ ದಾರಿಯಿಲ್ಲದಾಗ ಮಾತ್ರ. ಪ್ರತಿಯು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ವರ್ಷ ಎಣ್ಣೆ ಸವರಲಾಯಿತು, ಯಾವ ಗರಿಗೆ ಮತ್ತೆ ಕಾಡಿಗೆ ತುಂಬಲಾಯಿತು ಎಂಬುದನ್ನು ಭಂಡಾರದ ಪುಸ್ತಕದಲ್ಲಿ ಬರೆದಿಡಬೇಕು. ಈ ದಾಖಲೆಯಿಲ್ಲದೆ ರೋಹಿತದ ಉತ್ತರ ಅನ್ವಯಹೀನವಾಗುತ್ತದೆ.

ಯಂತ್ರದ ಉತ್ತರ ಒಂದು ನಯ; ಲಿಪಿಜ್ಞಾನ ಇನ್ನೊಂದು; ಪುಷ್ಪಿಕೆ ಮತ್ತೊಂದು. ಒಂದನ್ನೇ ಹಿಡಿದು ಉಳಿದವನ್ನು ತಳ್ಳಿದರೆ ನಯವು ದುರ್ನಯವಾಗುತ್ತದೆ. ಪಂಡಿತರು ಸ್ವತಃ ರಸಾಯನಜ್ಞರಾಗಬೇಕಿಲ್ಲ. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಅವರೇ ನಿರ್ಧರಿಸಬೇಕು. ಪ್ರಶ್ನೆ ನಿಶ್ಚಿತವಾಗುವವರೆಗೆ ಓಲೆಗೆ ಹೊಸ ಎಣ್ಣೆಯನ್ನಾಗಲಿ ಹೊಸ ಕಾಡಿಗೆಯನ್ನಾಗಲಿ ಸೋಕಿಸದಿರುವುದು ಶ್ರೇಯಸ್ಕರ.