ಗ್ರೇಟ್ ವೆಸ್ಟರ್ನ್ ಕಟ್ಟಿಕೊಂಡ ಬುತ್ತಿ

ಊರಿಗೆ ಹೊರಟಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದು ಚರ್ಚೆ ನಡೆದೇ ನಡೆಯುತ್ತದೆ: ಬುತ್ತಿ ಎಷ್ಟು ಕಟ್ಟಬೇಕು? ಹೆಚ್ಚಾದರೆ ಹೊರೆ, ಕಡಿಮೆಯಾದರೆ ಉಪವಾಸ. 1830ರ ದಶಕದಲ್ಲಿ ಉಗಿಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಬೇಕೆಂದವರನ್ನು ಕಾಡಿದ್ದೂ ಇದೇ ಪ್ರಶ್ನೆಯೇ. ಹಡಗಿನ ಬುತ್ತಿಯೆಂದರೆ ಕಲ್ಲಿದ್ದಲು.

ಹಾಯಿಹಡಗುಗಳು ಗಾಳಿಯನ್ನು ನಂಬಿ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಐದಾರು ವಾರಗಳಲ್ಲಿ ಹೋಗಿ ಸೇರುತ್ತಿದ್ದವು. ಉಗಿಯಂತ್ರಕ್ಕೆ ಗಾಳಿಯ ಹಂಗಿಲ್ಲ ನಿಜ. ಆದರೆ ಅಷ್ಟು ದೂರಕ್ಕೆ ಸಾಲುವಷ್ಟು ಕಲ್ಲಿದ್ದಲನ್ನು ತುಂಬಿದರೆ ಜನರಿಗೆ ಜಾಗವೆಲ್ಲಿ? ಹಡಗು ದೊಡ್ಡದಾದಷ್ಟೂ ಕಲ್ಲಿದ್ದಲೂ ಹೆಚ್ಚು ಬೇಕಾಗುವುದಷ್ಟೆ ಎಂದು ಬಲ್ಲವರೇ ವಾದಿಸುತ್ತಿದ್ದರು. ಡಯೊನೀಷಿಯಸ್ ಲಾರ್ಡ್ನರ್ ಎಂಬ ಹೆಸರಾಂತ ಪಂಡಿತರು 1836ರಲ್ಲಿ ಬ್ರಿಸ್ಟಲ್ ನಗರದ ಸಭೆಯಲ್ಲಿ ನೇರ ಪ್ರಯಾಣದ ಬಗೆಗೆ ಸಂಶಯ ವ್ಯಕ್ತಪಡಿಸಿದರು.

ಅದೇ ಊರಿನಲ್ಲಿ ಇಸಂಬಾರ್ಡ್ ಬ್ರುನೆಲ್ ಎಂಬ ತರುಣ ಎಂಜಿನಿಯರು ಹಡಗನ್ನು ಕಟ್ಟಿಸುತ್ತಲೇ ಇದ್ದನು. ಅವನ ಲೆಕ್ಕವೇ ಬೇರೆ. ಹಡಗಿನ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿ ಮಾಡಿದರೆ ಒಡಲು ಎಂಟುಪಟ್ಟು ಹಿಡಿಸುತ್ತದೆ. ನೀರು ಒಡ್ಡುವ ತಡೆಯಾದರೋ ಸುಮಾರು ನಾಲ್ಕುಪಟ್ಟು ಮಾತ್ರ ಹೆಚ್ಚುತ್ತದೆ. ಎಂದಮೇಲೆ ದೊಡ್ಡ ಹಡಗಿಗೇ ಬುತ್ತಿ ಉಳಿಯಬೇಕು! ದಿನವೆಲ್ಲ ಕಡತಗಳಲ್ಲಿ ಕೂಡಿಸಿ ಕಳೆಯುವ ನಮಗೆ ಈ ಲೆಕ್ಕ ಬಹಳ ಹಿಡಿಸಿತು.

ಹೀಗೆ ಸಿದ್ಧವಾದ 236 ಅಡಿ ಉದ್ದದ ಮರದ ಹಡಗೇ 'ಗ್ರೇಟ್ ವೆಸ್ಟರ್ನ್'. ಎರಡು ಮಗ್ಗುಲಲ್ಲೂ ದೊಡ್ಡ ಚಕ್ರಗಳು. 1838ರ ಮಾರ್ಚ್ 31ರಂದು ಲಂಡನ್ನಿನಿಂದ ಬ್ರಿಸ್ಟಲ್ಲಿಗೆ ಬರುವಾಗ ಯಂತ್ರದ ಕೋಣೆಗೆ ಬೆಂಕಿ ಬಿದ್ದಿತು. ಬ್ರುನೆಲ್ ಇಪ್ಪತ್ತು ಅಡಿ ಕೆಳಗೆ ಬಿದ್ದು ಗಾಯಗೊಂಡನು. ಸುದ್ದಿ ಹಬ್ಬಿದ್ದೇ ತಡ, ಐವತ್ತಕ್ಕೂ ಹೆಚ್ಚು ಪ್ರಯಾಣಿಕರು ಹಿಂದೆಗೆದರು. ಏಪ್ರಿಲ್ 8ರಂದು ಹೊರಟಾಗ ಉಳಿದವರು ಏಳೇ ಜನ. ಅವರ ಮನೆಯವರು ಏನೆಂದರೋ!

ಇತ್ತ ಎದುರಾಳಿ ಕಂಪನಿಯೊಂದು ತನ್ನ ಹಡಗು ಸಿದ್ಧವಾಗದ್ದರಿಂದ 'ಸಿರಿಯಸ್' ಎಂಬ ಚಿಕ್ಕ ಹಡಗನ್ನು ಬಾಡಿಗೆಗೆ ಹಿಡಿದು, ನಾಲ್ಕು ದಿನ ಮೊದಲೇ ಐರ್ಲೆಂಡಿನಿಂದ ಬಿಟ್ಟಿತ್ತು. ಏಪ್ರಿಲ್ 22ರಂದು ಅದು ನ್ಯೂಯಾರ್ಕ್ ಮುಟ್ಟಿತು; ಕಲ್ಲಿದ್ದಲು ಬಹುತೇಕ ತೀರಿತ್ತು. ಮರುದಿನ ಗ್ರೇಟ್ ವೆಸ್ಟರ್ನ್ ಬಂದಿತು. ಸಿರಿಯಸ್ಸಿಗೆ ಹದಿನೆಂಟು ದಿನ ಹಿಡಿದಿದ್ದರೆ ಇದಕ್ಕೆ ಹಿಡಿದದ್ದು ಹದಿನೈದೂವರೆ. ಸಿರಿಯಸ್ಸಿನ ದಾಖಲೆ ಒಂದೇ ದಿನದ ವೈಭವವಾಯಿತು. ದೊಡ್ಡ ಹಡಗಿನ ಒಡಲಲ್ಲಿ ಇನ್ನೂ ಸುಮಾರು 200 ಟನ್ ಕಲ್ಲಿದ್ದಲು ಉಳಿದಿತ್ತು.

ಮುಂದೆ ಎಂಟು ವರ್ಷ ಗ್ರೇಟ್ ವೆಸ್ಟರ್ನ್ ಹೋಗಿಬರುತ್ತಲೇ ಇತ್ತು. ಒಟ್ಟು 45 ಬಾರಿ. ಆದರೂ ಸರ್ಕಾರದ ಟಪಾಲು ಗುತ್ತಿಗೆ 1839ರಲ್ಲಿ ಸ್ಯಾಮ್ಯುಯೆಲ್ ಕುನಾರ್ಡ್ ಪಾಲಾಯಿತು. ಒಂದೇ ಹಡಗಿನ ಕಂಪನಿಗೆ ಇದು ಪೆಟ್ಟೇ ಸರಿ. 1846ರಲ್ಲಿ ಅದರ ಎರಡನೆಯ ಹಡಗು 'ಗ್ರೇಟ್ ಬ್ರಿಟನ್' ಐರ್ಲೆಂಡಿನ ತೀರದಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಕಂಪನಿ ಮತ್ತೆ ಏಳಲಿಲ್ಲ. ಮರುವರ್ಷ ಮಾರಾಟವಾದ ಗ್ರೇಟ್ ವೆಸ್ಟರ್ನ್ ವೆಸ್ಟ್ ಇಂಡೀಸ್ ದಾರಿಯಲ್ಲಿ ದುಡಿಯಿತು, ಕ್ರಿಮಿಯಾ ಯುದ್ಧಕ್ಕೆ ಸೈನಿಕರನ್ನು ಹೊತ್ತಿತು. 1856ರಲ್ಲಿ ಅದನ್ನು ಥೇಮ್ಸ್ ನದಿಯ ದಂಡೆಯಲ್ಲಿ ಒಡೆದುಹಾಕಿದರು.

ಆಗ ಅದೇ ನದಿಯ ಕೆಳದಂಡೆಯಲ್ಲಿ ಬ್ರುನೆಲ್ 692 ಅಡಿಯ 'ಗ್ರೇಟ್ ಈಸ್ಟರ್ನ್' ಹಡಗನ್ನು ಕಟ್ಟಿಸುತ್ತಿದ್ದನು. ನಡುವೆ ಎಲ್ಲಿಯೂ ಕಲ್ಲಿದ್ದಲು ಕೊಳ್ಳದೆ ಆಸ್ಟ್ರೇಲಿಯಾಕ್ಕೆ ಹೋಗಬೇಕೆಂಬುದು ಈ ಸಲದ ಲೆಕ್ಕ.