ಸಂತೆಯ ನಡುವೆ ಗೋದಲಿ

2018ರ ಆಗಮನ ಕಾಲದ ಎರಡನೆಯ ಭಾನುವಾರ, ಆಸ್ಟ್ರಿಯಾ ದೇಶದ ತಿರೋಲ್ ಪ್ರಾಂತ್ಯದ ಒಂದು ಬೆಟ್ಟದೂರಿನಲ್ಲಿ ನಾವು ಬಲಿಪೂಜೆ ಅರ್ಪಿಸಿದಾಗ ದೇವಾಲಯದಲ್ಲಿ ಇದ್ದವರು ಇಪ್ಪತ್ಮೂರು ಮಂದಿ. ಪೀಠದಿಂದಲೇ ತಲೆ ಎಣಿಸುವ ಕೆಟ್ಟ ಅಭ್ಯಾಸ ನಮಗೆ ಹಿಂದಿನಿಂದಲೂ ಉಂಟು. ಮುನ್ನೂರು ಜನ ಕುಳಿತುಕೊಳ್ಳಬಹುದಾದ ಬೆಂಚುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು, ಹೆಚ್ಚಿನವರು ವೃದ್ಧರು. ಅದೇ ಸಂಜೆ ಕಣಿವೆಯ ಕೆಳಗಿರುವ ಇನ್ಸ್‌ಬ್ರುಕ್ ನಗರದಲ್ಲಿ ಬಸ್ಸಿನಿಂದ ಇಳಿದು ಹಳೆಯ ಪೇಟೆಯತ್ತ ನಡೆದರೆ ಅಲ್ಲಿ ಹೆಜ್ಜೆ ಊರಲು ಸ್ಥಳವಿರಲಿಲ್ಲ. ಕ್ರಿಸ್ಮಸ್ ಸಂತೆ! ದೇವಾಲಯ ಬರಿದು, ಸಂತೆ ಭರ್ತಿ ಎಂಬ ಒಂದು ಕಹಿ ವಾಕ್ಯ ಆ ರಾತ್ರಿಯೇ ನಮ್ಮ ಮನಸ್ಸಿನಲ್ಲಿ ಸಿದ್ಧವಾಯಿತು.

ನಾವು ಅಲ್ಲಿಗೆ ಹೋದುದು ಪ್ರವಾಸಕ್ಕೆಂದಲ್ಲ. ಆ ಊರಿನ ಧರ್ಮಕೇಂದ್ರದ ಗುರುಗಳು ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದುದರಿಂದ ಕ್ರಿಸ್ತಜಯಂತಿ ಮುಗಿಯುವವರೆಗೆ ಅವರ ಸ್ಥಾನದಲ್ಲಿ ಸೇವೆ ಸಲ್ಲಿಸಲು ಕರೆ ಬಂದಿತ್ತು. ಭಾರತದಿಂದ ಹೋದ ಗುರುಗಳು ಆಸ್ಟ್ರಿಯಾ, ಜರ್ಮನಿ ದೇಶಗಳ ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವುದು ಈಗ ಹೊಸ ಸಂಗತಿಯೇನಲ್ಲ. ಗುರುಮಠದಲ್ಲಿ ಕಾಂಟ್‌ನ ತತ್ತ್ವಶಾಸ್ತ್ರವನ್ನು ಓದಲೆಂದು ಕಷ್ಟಪಟ್ಟು ಕಲಿತ ನಮ್ಮ ಜರ್ಮನ್ ಭಾಷೆ ತಿರೋಲಿನ ರೈತರ ಮಾತನ್ನು ಅರಿಯಲು ಮೊದಲ ವಾರ ಏನೇನೂ ಸಾಲಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಪ್ರಿಯ ವಾಚಕರೇ, ಈ ಸಂತೆಗಳ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ನೀವು ನೋಡಿರಬಹುದು. ಇನ್ಸ್‌ಬ್ರುಕ್‌ನಲ್ಲಿ ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್ ಕಟ್ಟಿಸಿದ, 1500ರಲ್ಲಿ ಪೂರ್ಣಗೊಂಡ ಒಂದು ಬಾಲ್ಕನಿ ಇದೆ. ಚಿನ್ನದ ಲೇಪವುಳ್ಳ 2657 ತಾಮ್ರದ ಹೆಂಚುಗಳನ್ನು ಹೊದ್ದಿರುವ ಅದರ ಮಾಡಿಗೆ ‘ಚಿನ್ನದ ಛಾವಣಿ’ ಎಂದೇ ಹೆಸರು. ಅದರ ಮುಂದಿನ ಇಕ್ಕಟ್ಟಾದ ಚೌಕದಲ್ಲಿ ನವೆಂಬರ್ ತಿಂಗಳ ನಡುಭಾಗದಿಂದಲೇ ಮರದ ಪುಟ್ಟ ಅಂಗಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಸಂಜೆಯಾದಾಗ ತುತ್ತೂರಿಯವರು ಮೇಲೆ ನಿಂತು ಹಬ್ಬದ ರಾಗಗಳನ್ನು ನುಡಿಸುತ್ತಾರೆ. ಮನೆಗಳ ಹಿಂದೆಯೇ, ಕೈಚಾಚಿದರೆ ಎಟಕುವುದೋ ಎಂಬಂತೆ, ಹಿಮ ಹೊತ್ತ ಪರ್ವತದ ಗೋಡೆ. ಒಂದು ಅಂಗಡಿಯಲ್ಲಿ ಮೇಣದ ಬತ್ತಿ, ಇನ್ನೊಂದರಲ್ಲಿ ಉಣ್ಣೆಯ ಕಾಲುಚೀಲ, ಮತ್ತೊಂದರಲ್ಲಿ ಕೆಂಡದ ಮೇಲೆ ಸುಟ್ಟ ಚೆಸ್ಟ್‌ನಟ್. ‘ಕೀಖ್ಲ್’ ಎಂಬ ಕರಿದ ತಿಂಡಿಯೊಂದುಂಟು. ನಮ್ಮ ದೊಡ್ಡ ಪೂರಿಯಂತೆ, ಆದರೆ ಅಂಚು ದಪ್ಪ, ನಡುವೆ ತೆಳು. ಆ ನಡುವಿನ ಗುಳಿಯಲ್ಲಿ ಹುಳಿ ಬರಿಸಿದ ಎಲೆಕೋಸನ್ನೋ ಹಣ್ಣಿನ ಜಾಮನ್ನೋ ಹಾಕಿ ಕೊಡುತ್ತಾರೆ. ಎಲ್ಲೆಡೆಯೂ ಬಿಸಿ ದ್ರಾಕ್ಷಾರಸದ ಆವಿ. ಅದಕ್ಕೆ ದಾಲ್ಚಿನ್ನಿ, ಲವಂಗ, ಕಿತ್ತಳೆಯ ಸಿಪ್ಪೆ ಬೀಳುತ್ತದೆ. ಪಕ್ಕದ ಅಂಗಡಿಯ ಜೇನಿನ ರೊಟ್ಟಿಯಲ್ಲಿ ಶುಂಠಿಯ ಘಮ. ಆ ವಾಸನೆ ಮೂಗಿಗೆ ತಗುಲಿದಾಗ ನಮಗೆ ಊರು ನೆನಪಾದುದು ಸುಮ್ಮನೆ ಅಲ್ಲ. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಶುಂಠಿಗಳು, ಸಿಂಹಳದ ದಾಲ್ಚಿನ್ನಿ, ಇನ್ನೂ ಪೂರ್ವದ ದ್ವೀಪಗಳ ಲವಂಗ ಇವೆಲ್ಲ ಅರಬರ ಹಡಗುಗಳಲ್ಲಿ ಸಾಗಿ, ವೆನಿಸ್ ವರ್ತಕರ ಕೈಸೇರಿ, ಬ್ರೆನ್ನರ್ ಕಣಿವೆಯನ್ನು ಹೇಸರಗತ್ತೆಗಳ ಬೆನ್ನ ಮೇಲೆ ದಾಟಿ ಜರ್ಮನ್ ನಾಡನ್ನು ಸೇರುತ್ತಿದ್ದ ಕಾಲವಿತ್ತು.

ದ್ರಾಕ್ಷಾರಸದ ಪಿಂಗಾಣಿ ಲೋಟಕ್ಕೆ ಪ್ರತ್ಯೇಕ ಠೇವಣಿ. ಲೋಟ ಹಿಂದಿರುಗಿಸಿದರೆ ಹಣ ವಾಪಸು. ಇದನ್ನರಿಯದೆ ನಾವು ಲೋಟವನ್ನು ಮೇಜಿನ ಮೇಲೆ ಬಿಟ್ಟು ಹೊರಟಾಗ ಅಂಗಡಿಯ ಹುಡುಗಿ ಜನರ ನಡುವೆ ನುಗ್ಗಿಕೊಂಡು ಬಂದು ನಾಣ್ಯಗಳನ್ನು ಕೈಯಲ್ಲಿಟ್ಟು ಹೋದಳು. ಸಂತೆಯನ್ನು ಖಂಡಿಸಲು ಹೊರಟಿದ್ದ ನಮಗೆ ಅದು ತುಸು ಇರುಸುಮುರುಸಿನ ಘಳಿಗೆಯೇ ಆಯಿತು.

ಡಿಸೆಂಬರ್ 11ರ ರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಕ್ರಿಸ್ಮಸ್ ಸಂತೆಯಲ್ಲಿ ಬಂದೂಕುಧಾರಿಯೊಬ್ಬ ದಾಳಿ ನಡೆಸಿದ. ಐವರು ಪ್ರಾಣ ಕಳೆದುಕೊಂಡರು. ಮರುದಿನ ಸಂಜೆ ಇನ್ಸ್‌ಬ್ರುಕ್ ಸಂತೆ ಖಾಲಿ ಇದ್ದೀತೆಂದು ಭಾವಿಸಿ ಹೋದೆವು. ಪೊಲೀಸರು ನಿಂತಿದ್ದರು, ಆದರೆ ಜನ ಬಂದಿದ್ದರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಬಂದಿದ್ದರು. ಸರಕು ಕೊಳ್ಳುವುದಕ್ಕಾಗಿ ಮಾತ್ರ ಇಷ್ಟು ಜನ ಹೀಗೆ ಬರುವರೇ ಎಂಬ ಸಂದೇಹ ಆಗ ಮೊದಲ ಬಾರಿಗೆ ನಮ್ಮಲ್ಲಿ ಸುಳಿಯಿತು.

ಆದರೂ ಮುಂದಿನ ಭಾನುವಾರ ನಾವು ಕಟುವಾಗಿಯೇ ಬೋಧಿಸಿದೆವು. ಆಗಮನ ಕಾಲವು ಮೂಲತಃ ಉಪವಾಸದ ಕಾಲ. ಹಿಂದೆ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದಲೇ ಆರಂಭವಾಗುತ್ತಿದ್ದ ವ್ರತ. ಕಾಯಬೇಕಾದ ಕಾಲದಲ್ಲಿ ಉಂಡು ಕುಡಿದು, ಹಬ್ಬ ಬರುವ ಹೊತ್ತಿಗೆ ಸುಸ್ತಾಗಿ ಮಲಗುವ ಈ ರೀತಿ ಯಾವ ಭಕ್ತಿಗೆ ಸಲ್ಲುತ್ತದೆ ಎಂದು ಕೇಳಿದೆವು. ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದ ಪ್ರಭುವನ್ನೂ ನೆನಪಿಸಿದೆವು. ಅಂದು ಆಗಮನ ಕಾಲದ ಮೂರನೆಯ ಭಾನುವಾರ, ಧರ್ಮಸಭೆ ‘ಆನಂದಿಸಿರಿ’ ಎಂದು ಹೇಳುವ ಭಾನುವಾರ! ಗುಲಾಬಿ ಬಣ್ಣದ ವಸ್ತ್ರ ಧರಿಸಿ ಗುಡುಗಿದ್ದು ಎಷ್ಟು ಅಸಂಗತವೆಂಬುದು ಆ ಕ್ಷಣದಲ್ಲಿ ನಮಗೆ ತೋಚಲಿಲ್ಲ.

ಪೂಜೆಯ ಬಳಿಕ, ದೇವಾಲಯದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಎಪ್ಪತ್ತೆಂಟು ವಯಸ್ಸಿನ ಹಿರಿಯರು ಬತ್ತಿಗಳನ್ನು ಆರಿಸುತ್ತ, ನಮ್ಮತ್ತ ತಿರುಗದೆಯೇ ಹೇಳಿದರು: “ಫಾದರ್, ನನ್ನ ಮೊಮ್ಮಗ ಇಲ್ಲಿಗೆ ಬರುವುದಿಲ್ಲ. ಸಂತೆಗೆ ಬರುತ್ತಾನೆ. ಗೋದಲಿಯ ಅಂಗಡಿಯ ಮುಂದೆ ನನ್ನ ಜೊತೆ ನಿಲ್ಲುತ್ತಾನೆ. ಅದನ್ನೂ ನೀವು ಬೇಡವೆಂದರೆ ಅವನಿಗೆ ಕುರುಬರನ್ನೂ ಕುರಿಗಳನ್ನೂ ನಾನು ಎಲ್ಲಿ ತೋರಿಸಲಿ?”

ಉತ್ತರ ಹೊಳೆಯಲಿಲ್ಲ. ಕೋಣೆಗೆ ಬಂದು ಅಂದಿನ ಶುಭಸಂದೇಶವನ್ನು ಮತ್ತೆ ತೆರೆದೆವು. ಲೂಕನು ಬರೆದ ಮೂರನೆಯ ಅಧ್ಯಾಯ. ನಾವೇನು ಮಾಡಬೇಕು ಎಂದು ಕೇಳಿಕೊಂಡು ಬಂದ ಸುಂಕದವರಿಗೆ ಸ್ನಾನಿಕ ಯೊವಾನ್ನರು ಸುಂಕದ ಕಟ್ಟೆಯನ್ನು ಬಿಟ್ಟುಬಿಡಿ ಎನ್ನಲಿಲ್ಲ. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ ಎಂದಷ್ಟೇ ಹೇಳಿದರು. ಗಂಟೆಯ ಮುಂಚೆ ನಾವೇ ಗಟ್ಟಿಯಾಗಿ ಓದಿದ್ದ ಪಾಠ! ಸಂತ ಥಾಮಸ್ ಅಕ್ವಿನಾಸರಾದರೂ ವ್ಯಾಪಾರದ ಬಗ್ಗೆ ಇದೇ ಹದದಲ್ಲಿ ಬರೆದಿದ್ದಾರೆ: ಲಾಭಕ್ಕಾಗಿಯೇ ಲಾಭವೆಂಬುದು ಹೀನವಾದರೂ, ಸಂಸಾರ ಸಾಕಲು, ಬಡವರಿಗೆ ನೆರವಾಗಲು ಮಾಡುವ ವ್ಯಾಪಾರ ಪಾಪವಲ್ಲ. ಗುರುಮಠದ ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ಪಡೆದಿದ್ದೆವು.

ಅಂದು ಮಧ್ಯಾಹ್ನ ಆ ಹಿರಿಯರ ಮನೆಯಲ್ಲಿ ಊಟ. ಮೂಲೆಯ ಮೇಜಿನ ಮೇಲೆ ಅರ್ಧ ಕಟ್ಟಿದ ಗೋದಲಿ. ಬೆತ್ಲೆಹೇಮಿನ ಹಟ್ಟಿ ಇಲ್ಲಿ ತಿರೋಲಿನ ರೈತನ ಹಟ್ಟಿಯೇ ಆಗಿದೆ. ಹಿಂದೆ ಹಿಮದ ಬೆಟ್ಟ. ಮರದಲ್ಲಿ ಕೆತ್ತಿದ ಕುರುಬರಲ್ಲಿ ಕೆಲವರ ಮೂಗು ಸವೆದಿತ್ತು. ತಿರೋಲಿನಲ್ಲಿ ಮನೆಮನೆಗೂ ಗೋದಲಿ ಬಂದ ಕಥೆ ಸ್ವಾರಸ್ಯವಾದುದು. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಗ್ರಾಮದಲ್ಲಿ ಕ್ರಿಸ್ತಜನನದ ದೃಶ್ಯವನ್ನು ಏರ್ಪಡಿಸಿದ್ದು ಎಲ್ಲರಿಗೂ ಗೊತ್ತು. ಆಲ್ಪ್ಸ್ ಸೀಮೆಯ ದೇವಾಲಯಗಳಲ್ಲಿ ಹದಿನೇಳನೆಯ ಶತಮಾನದಿಂದ ಗೋದಲಿಯನ್ನು ಬೆಳೆಸಿದವರು ಮುಖ್ಯವಾಗಿ ಯೇಸುಸಭೆಯವರು. ಆದರೆ ಚಕ್ರವರ್ತಿ ಎರಡನೆಯ ಜೋಸೆಫ್, ಧರ್ಮವು ವಿಚಾರಕ್ಕೆ ಒಗ್ಗುವಂತಿರಬೇಕು, ಬೊಂಬೆಯಾಟ ಸಲ್ಲದು ಎಂಬ ಹಟದಿಂದ 1782ರಲ್ಲಿ ದೇವಾಲಯಗಳಲ್ಲಿ ಗೋದಲಿಯನ್ನು ನಿಷೇಧಿಸಿದ. ಜನ ವಾದಿಸಲಿಲ್ಲ. ಗೋದಲಿಯನ್ನು ಮನೆಗೆ ಹೊತ್ತುಕೊಂಡು ಹೋದರು. ಹೋದುದು ಉಳಿದೇ ಉಳಿಯಿತು. ಇಂದಿಗೂ ಇನ್ಸ್‌ಬ್ರುಕ್ ಸಮೀಪದ ಥೌರ್ ಮುಂತಾದ ಹಳ್ಳಿಗಳಲ್ಲಿ ಹಬ್ಬದ ನಂತರ ಜನ ಮನೆಯಿಂದ ಮನೆಗೆ ಗೋದಲಿ ನೋಡಲು ಹೋಗುವ ರೂಢಿಯಿದೆ. ನೋಡಿ ಹೊಗಳಿದವರಿಗೆ ಮನೆಯವರು ಒಂದು ಪುಟ್ಟ ಲೋಟದಲ್ಲಿ ಹಣ್ಣಿನ ಸಾರಾಯಿ ಕೊಡುತ್ತಾರೆ. ಬಹಳ ಹೊಗಳುವವರಿಗೆ ನಡೆದು ಮನೆ ಸೇರುವುದೇ ಕಷ್ಟವಾದೀತು.

ಮನೆಗೆ ಹೋದ ಗೋದಲಿಗೆ ಕುರಿ ಬೇಕು, ಕುರುಬ ಬೇಕು, ಪಾಚಿ ಬೇಕು, ಒಡೆದುಹೋದ ದೇವದೂತನಿಗೆ ಬದಲು ಇನ್ನೊಬ್ಬ ಬೇಕು. ಅದೆಲ್ಲ ಸಿಗುವುದು ಸಂತೆಯಲ್ಲಿ. ದಕ್ಷಿಣದ ಗ್ರೋಡ್ನ್ ಕಣಿವೆಯ ಕೆತ್ತನೆಗಾರರು ತಲೆಮಾರುಗಳಿಂದ ಈ ಮೂರ್ತಿಗಳನ್ನು ಮಾಡುತ್ತ ಬಂದಿದ್ದಾರೆ. ಕಾರ್ಖಾನೆಯ ಅಗ್ಗದ ಬೊಂಬೆಗಳೂ ಈಗ ಪಕ್ಕದಲ್ಲೇ ಇರುತ್ತವೆ, ಅವುಗಳ ಮುಖದಲ್ಲಿ ಜೀವವಿಲ್ಲ. ಈ ವಿಷಯದಲ್ಲಿ ನಮ್ಮ ಅಸಮಾಧಾನ ಇನ್ನೂ ಹಾಗೆಯೇ ಇದೆ. ಗೋದಲಿಯ ಅಂಗಡಿಯ ಹೆಂಗಸೊಬ್ಬರು ನಮಗೆ ಹೇಳಿದರು: ಪ್ರತಿ ವರ್ಷವೂ ಬರಿಯ ಬಾಲಯೇಸುವನ್ನು ಮಾತ್ರ ಕೇಳಿಕೊಂಡು ಬರುವವರು ಇದ್ದಾರಂತೆ. ಶಿಶುವನ್ನು ಕ್ರಿಸ್ಮಸ್ ಮುನ್ನಾರಾತ್ರಿಯವರೆಗೆ ತೊಟ್ಟಿಲಲ್ಲಿ ಇಡುವಂತಿಲ್ಲವಲ್ಲ, ಬೇರೆಡೆ ಜೋಪಾನವಾಗಿಟ್ಟು, ಎಲ್ಲಿಟ್ಟೆವೆಂಬುದನ್ನೇ ಮರೆತುಬಿಡುತ್ತಾರೆ!

ಆ ವಾರ ಎರಡು ಗಂಟೆಯ ರೈಲು ಪ್ರಯಾಣ ಮಾಡಿ ಸಾಲ್ಜ್‌ಬರ್ಗ್‌ಗೆ ಹೋದೆವು. ಅಲ್ಲಿ ಪ್ರಧಾನಾಲಯದ ಸುತ್ತ ಹದಿನೈದನೆಯ ಶತಮಾನದ ಕೊನೆಯಿಂದಲೂ ಸಂತೆಯ ಉಲ್ಲೇಖವಿದೆ. ಈಗಿನ ರೂಪ 1974ರಿಂದ ಈಚಿನದು. ಅದರ ಹೆಸರು ‘ಕ್ರಿಸ್ಟ್‌ಕಿಂಡಲ್ ಮಾರ್ಕ್ಟ್’, ಅಂದರೆ ಬಾಲಕ್ರಿಸ್ತನ ಸಂತೆ. ಮಕ್ಕಳಿಗೆ ಉಡುಗೊರೆ ತರುವವನು ಬಾಲಕ್ರಿಸ್ತನೆಂಬ ನಂಬಿಕೆ, ಸಂತ ನಿಕೋಲಾಸರ ಬದಲಿಗೆ, ಮಾರ್ಟಿನ್ ಲೂಥರರ ಸುಧಾರಣೆಯಿಂದ ಹಬ್ಬಿತೆಂದು ಹೇಳುತ್ತಾರೆ. ಕಾಲಕ್ರಮದಲ್ಲಿ ಉತ್ತರದ ಲೂಥರನ್ ನಾಡು ಕ್ರಿಸ್ಮಸ್ ತಾತನ ಕಡೆ ವಾಲಿತು. ಬಾಲಕ್ರಿಸ್ತ ಕಥೋಲಿಕರ ಆಸ್ಟ್ರಿಯಾ, ಬವೇರಿಯಗಳಲ್ಲಿ ನೆಲೆನಿಂತ. ನಿಕೋಲಾಸರನ್ನೂ ಅವರು ಬಿಟ್ಟುಕೊಟ್ಟಿಲ್ಲ: ಡಿಸೆಂಬರ್ ಆರಕ್ಕೆ ಧರ್ಮಾಧ್ಯಕ್ಷರ ವೇಷದಲ್ಲಿ ಬರುತ್ತಾರೆ, ಹಿಂದಿನ ಸಂಜೆ ಕೋಡು, ಘಂಟೆ ಕಟ್ಟಿಕೊಂಡ ಕ್ರಾಂಪುಸ್ ಎಂಬ ಭೂತಗಳು ಬೀದಿಯಲ್ಲಿ ಕುಣಿಯುತ್ತವೆ.

ಸಾಲ್ಜ್‌ಬರ್ಗ್‌ನಲ್ಲಿ ಅದು ವಿಶೇಷ ವರ್ಷ. ಜಗತ್ತೇ ಹಾಡುವ ‘ಸ್ಟಿಲ್ಲೆ ನಾಖ್ಟ್’ ಗೀತೆಗೆ ಇನ್ನೂರು ವರ್ಷ ತುಂಬುತ್ತಿತ್ತು. ಅದನ್ನು ಬರೆದ ಗುರು ಜೋಸೆಫ್ ಮೋರ್, ಸಂತೆಯ ಅಂಗಳದಿಂದ ಕೆಲವೇ ಹೆಜ್ಜೆ ಒಳಗಿರುವ ಪ್ರಧಾನಾಲಯದ 1321ರ ಸ್ನಾನತೊಟ್ಟಿಯಲ್ಲಿ 1792ರಲ್ಲಿ ದೀಕ್ಷಾಸ್ನಾನ ಪಡೆದವರು. ಮೊಜಾರ್ಟ್ ಪಡೆದುದೂ ಅದರಲ್ಲೇ. ತಂದೆ ಸಿಪಾಯಿ, ತಾಯಿಯನ್ನು ಮದುವೆಯಾಗದೆ ಊರು ಬಿಟ್ಟವನು. ತಾಯಿ ನೂಲು ಹೆಣೆದು ಬದುಕುತ್ತಿದ್ದವಳು. ಜ್ಞಾನತಂದೆಯಾಗಿ ಹೆಸರು ಕೊಟ್ಟವನು ಊರಿನ ಗಲ್ಲಿನ ಅಧಿಕಾರಿ. 1816ರಲ್ಲಿ ಬರೆದ ಪದ್ಯವನ್ನು ಒಬರ್ನ್‌ಡಾರ್ಫ್‌ನ ಸಹಾಯಕ ಗುರುವಾಗಿದ್ದಾಗ ಶಾಲಾ ಮಾಸ್ತರ ಫ್ರಾನ್ಸ್ ಗ್ರೂಬರರಿಗೆ ಕೊಟ್ಟರು. 1818ರ ಡಿಸೆಂಬರ್ 24ರ ರಾತ್ರಿ ಇಬ್ಬರೂ ಗಿಟಾರಿನೊಂದಿಗೆ ಅದನ್ನು ಹಾಡಿದರು.

ಹಳ್ಳಿಯ ದೇವಾಲಯದ ಆ ಹಾಡು ಜಗತ್ತಿಗೆ ತಲುಪಿದ್ದು ಹೇಗೆ? ಆರ್ಗನ್ ಕಟ್ಟುವವನೊಬ್ಬ ಅದನ್ನು ತಿರೋಲಿನ ಚಿಲ್ಲರ್ ಕಣಿವೆಗೆ ಒಯ್ದ. ಅಲ್ಲಿನ ಸ್ಟ್ರಾಸ್ಸರ್ ಮನೆತನದವರು ಕೈಗವಸು ಮಾರುವವರು. 1831ರಲ್ಲಿ ಸರಕು ಹೊತ್ತು ಲೈಪ್‌ಜಿಗ್‌ನ ಕ್ರಿಸ್ಮಸ್ ಸಂತೆಗೆ ಹೋದ ಆ ಒಡಹುಟ್ಟಿದವರು ತಮ್ಮ ನಾಡಿನ ಹಾಡುಗಳ ಜೊತೆ ಇದನ್ನೂ ಹಾಡಿದರು. ಅಲ್ಲಿಂದ ಅದು ಹರಡಿತು. ಕನ್ನಡದಲ್ಲಿ ನಮ್ಮ ದೇವಾಲಯಗಳವರೆಗೂ ಬಂತು. ಮೋರ್ ಅವರು 1848ರಲ್ಲಿ ಬಡವರಾಗಿಯೇ ತೀರಿಕೊಂಡರು. ಸಾಲ್ಜ್‌ಬರ್ಗ್‌ನ ಚೌಕದಲ್ಲಿ ನಿಂತು ಇದನ್ನು ಯೋಚಿಸುತ್ತಿರುವಾಗ ನಮ್ಮ ಹಿಂದಿನ ಭಾನುವಾರದ ಬೋಧನೆ ನೆನಪಾಗಿ ಮುಖ ಬಿಸಿಯಾಯಿತು. ಸಂತೆಯವರನ್ನು ಹೊರಗಟ್ಟಿದ್ದರೆ ಆ ಹಾಡನ್ನೂ ಹೊರಗಟ್ಟಿದಂತಾಗುತ್ತಿತ್ತು.

ಬ್ರೆನ್ನರ್ ದಾಟಿ ಬೊಲ್ಜಾನೊಗೂ ಒಂದು ದಿನ ಹೋಗಿಬಂದೆವು. ಮೊದಲ ಮಹಾಯುದ್ಧದ ನಂತರ ಇಟಲಿಗೆ ಸೇರಿದ ಜರ್ಮನ್ ಭಾಷಿಕರ ಸೀಮೆ ಅದು. ಮಧ್ಯಯುಗದ ಜರ್ಮನ್ ಕವಿ ವಾಲ್ಟರ್‌ನ 1889ರ ಪ್ರತಿಮೆಯನ್ನು ಫ್ಯಾಸಿಸ್ಟರು 1935ರಲ್ಲಿ ಊರಿನ ಮುಖ್ಯ ಚೌಕದಿಂದ ತೆಗೆಸಿದ್ದರು. ಅದು ಮರಳಿದ್ದು 1981ರಲ್ಲಿ. 1991ರಿಂದ ಅದರ ಸುತ್ತಲೇ ಕ್ರಿಸ್ಮಸ್ ಸಂತೆ ನಡೆಯುತ್ತಿದೆ. ಒಂದೇ ಅಂಗಡಿಯಲ್ಲಿ ಇಟಾಲಿಯನ್‌ನಲ್ಲಿ ಬೆಲೆ ಕೇಳಿ, ಜರ್ಮನ್‌ನಲ್ಲಿ ಉತ್ತರ ಪಡೆದು, ಎರಡರಲ್ಲೂ ಚೌಕಾಸಿ ಮಾಡುವುದನ್ನು ಕೇಳಿಸಿಕೊಂಡೆವು. ಹಬ್ಬವೆಂದರೆ ಜಗತ್ತು ಒಳ್ಳೆಯದೆಂದು ಒಪ್ಪಿಕೊಳ್ಳುವುದು, ಆ ಒಪ್ಪಿಗೆಯಿಲ್ಲದೆ ಎಷ್ಟು ಏರ್ಪಾಡು ಮಾಡಿದರೂ ಹಬ್ಬ ಆಗಲಾರದು ಎಂದು ಜರ್ಮನ್ ತತ್ತ್ವಜ್ಞಾನಿ ಯೋಸೆಫ್ ಪೀಪರ್ 1963ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಸಂತೆಯಲ್ಲಿ ಆ ಒಪ್ಪಿಗೆ ಇದೆಯೋ, ಬರಿಯ ಏರ್ಪಾಡು ಮಾತ್ರವೋ? ದೀಪದ ಸಾಲಿನ ಕೆಳಗೆ ಸೆಲ್ಫಿ ತೆಗೆದುಕೊಂಡು ಗೋದಲಿಯತ್ತ ನೋಡದೆಯೇ ಬಸ್ಸು ಹತ್ತಿದವರನ್ನೂ ನೋಡಿದೆವು, ನೂರಾರು ಜನ. ಈ ಪ್ರಶ್ನೆಯನ್ನು ನಾವು ಬಗೆಹರಿಸಿಕೊಂಡಿಲ್ಲ.

ಎರಡು ವರ್ಷಗಳ ಬಳಿಕ, 2020ರಲ್ಲಿ, ಕೊರೊನಾ ಪಿಡುಗಿನಿಂದ ಆಸ್ಟ್ರಿಯಾದಲ್ಲಿ ಕ್ರಿಸ್ಮಸ್ ಸಂತೆಗಳು ನಿಂತವು. ಆಗಮನ ಕಾಲದ ಆರಂಭದಲ್ಲಿ ದೇವಾಲಯಗಳ ಸಾರ್ವಜನಿಕ ಪೂಜೆಯೂ ಇರಲಿಲ್ಲ. ಆ ಹಿರಿಯರಿಂದ ಮರುವರ್ಷ ಪತ್ರ ಬಂತು. ಆ ಸಲ ಅಟ್ಟದಿಂದ ಗೋದಲಿಯ ಪೆಟ್ಟಿಗೆ ಇಳಿಸಿಕೊಟ್ಟವನು ಮೊಮ್ಮಗನೇ ಅಂತೆ. ಎಲ್ಲವೂ ಇತ್ತು, ಬಾಲಯೇಸು ಮಾತ್ರ ಇರಲಿಲ್ಲ. ಇಬ್ಬರೂ ಮನೆಯೆಲ್ಲ ಹುಡುಕಿದರು. ಕೊಳ್ಳೋಣವೆಂದರೆ ಸಂತೆಯಿಲ್ಲ. ತೊಟ್ಟಿಲಲ್ಲಿ ಬರಿಯ ಹುಲ್ಲನ್ನಿಟ್ಟು ಆ ರಾತ್ರಿ ಇಬ್ಬರೇ ಹಾಡಿದರಂತೆ. ಫೆಬ್ರವರಿ ಎರಡರಂದು, ಯೇಸುವನ್ನು ದೇವಾಲಯದಲ್ಲಿ ಕಾಣಿಕೆಯಾಗಿ ಅರ್ಪಿಸಿದ ಹಬ್ಬದ ದಿನ, ಗೋದಲಿಯನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುವಾಗ ಮೊಮ್ಮಗನಿಗೆ ಶಿಶು ಸಿಕ್ಕಿತು: ತೀರಿಕೊಂಡ ಅಜ್ಜಿಯ ಹೊಲಿಗೆ ಡಬ್ಬಿಯಲ್ಲಿ, ಬಿಳಿ ನೂಲಿನ ಉಂಡೆಗಳ ಕೆಳಗೆ.