ಪದಗ್ರಹಣದ ಮರುದಿನ ಶುರುವಾಗುವ ಕೆಲಸ

ಜುಲೈ ಬಂತೆಂದರೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಪದಗ್ರಹಣದ ಕಾಲ. ರೋಟರಿಗೂ ಲಯನ್ಸ್‌ಗೂ ಹೊಸ ವರ್ಷ ಶುರುವಾಗುವುದು ಜುಲೈ 1ಕ್ಕೆ. ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ನೂತನ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಸಾಲಾಗಿ ನಿಂತ ಫೋಟೊ. ಅದರ ಕೆಳಗೆ ನಾಲ್ಕೇ ಸಾಲಿನ ವರದಿ: ಸರ್ಕಾರಿ ಶಾಲೆಗೆ ಬೆಂಚು, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಸನ್ಮಾನ, ವನಮಹೋತ್ಸವ, ಉಚಿತ ನೇತ್ರ ತಪಾಸಣಾ ಶಿಬಿರ. ಓದುಗರ ಕಣ್ಣು ಫೋಟೊದ ಮೇಲೆ ಹಾದು ಮುಂದಕ್ಕೆ ಹೋಗುತ್ತದೆ. ಊರಿಗೆ ನಿಜವಾಗಿ ದಕ್ಕುವುದು ಮಾತ್ರ ಆ ನಾಲ್ಕು ಸಾಲಿನಲ್ಲಿದೆ.

ಷಿಕಾಗೊದ ವಕೀಲ ಪಾಲ್ ಹ್ಯಾರಿಸ್ 1905ರ ಫೆಬ್ರುವರಿ 23ರಂದು ಮೂವರು ಗೆಳೆಯರ ಜೊತೆ ಕೂತು ರೋಟರಿ ಆರಂಭಿಸಿದರು. ಎರಡು ವರ್ಷದ ನಂತರ ಆ ಕ್ಲಬ್ ಊರಿಗಾಗಿ ಕೈಗೆತ್ತಿಕೊಂಡ ಮೊದಲ ಕೆಲಸ ಸಾರ್ವಜನಿಕ ಶೌಚಾಲಯ. ಇಂದಿಗೂ ಕರ್ನಾಟಕದ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳು ಕ್ಲಬ್‌ಗಳ ಬಳಿ ಮೊದಲು ಕೇಳುವುದೂ ಅದನ್ನೇ, ಅದರಲ್ಲೂ ಹೆಣ್ಣುಮಕ್ಕಳಿಗಾಗಿ. ಭಾರತದ ಮೊದಲ ರೋಟರಿ ಕ್ಲಬ್ ಕೋಲ್ಕತ್ತದಲ್ಲಿ 1920ರಲ್ಲಿ ಸನ್ನದು ಪಡೆಯಿತು, ಬೆಂಗಳೂರಿನದು 1934ರಲ್ಲಿ. 1917ರಲ್ಲಿ ಅಮೆರಿಕದಲ್ಲೇ ಹುಟ್ಟಿದ ಲಯನ್ಸ್ ನಮ್ಮ ದೇಶಕ್ಕೆ ಬಂದದ್ದು 1956ರಲ್ಲಿ, ಮುಂಬೈ ಮೂಲಕ.

ಲಯನ್ಸ್‌ಗೆ ಕಣ್ಣಿನ ಕೆಲಸ ಅಂಟಿಕೊಂಡದ್ದಕ್ಕೆ ಹೆಲೆನ್ ಕೆಲ್ಲರ್ ಕಾರಣ. 1925ರಲ್ಲಿ ಓಹಾಯೊ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮಾವೇಶದಲ್ಲಿ, ಅಂಧತ್ವದ ವಿರುದ್ಧದ ಹೋರಾಟಕ್ಕೆ ನೀವು ನಿಲ್ಲಬೇಕು ಎಂದು ಆಕೆ ಕೇಳಿಕೊಂಡರು. ಲಯನ್ಸ್ ಬರುವ ಹೊತ್ತಿಗೆ ನಮ್ಮ ನಾಡಿಗೆ ನೇತ್ರ ಶಿಬಿರ ಹೊಸತಾಗಿರಲಿಲ್ಲ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರು ಸುತ್ತಿ ಸಾವಿರಾರು ಬಡವರಿಗೆ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಿ ಮನೆಮಾತಾಗಿದ್ದರು. ಈಗ ಶಿಬಿರದ ರೀತಿ ಬದಲಾಗಿದೆ. ಶಾಲೆಯಲ್ಲಿ ತಪಾಸಣೆ ಮಾತ್ರ. ಶಸ್ತ್ರಚಿಕಿತ್ಸೆ ಸುಸಜ್ಜಿತ ಆಸ್ಪತ್ರೆಯಲ್ಲಿ. ಸೋಂಕಿನ ಭಯ ಕಡಿಮೆ ಮಾಡಲು ಇದೇ ಸರಿಯಾದ ದಾರಿ.

ಭಾನುವಾರ ಬೆಳಿಗ್ಗೆ ಇಂಥ ಶಿಬಿರದೊಳಗೆ ಕಾಲಿಟ್ಟು ನೋಡಿ. ಬಾಗಿಲಲ್ಲಿ ಹೆಸರು ನೋಂದಾಯಿಸುತ್ತಿರುವವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಅಕ್ಷರ ಬಾರದವರಿಗೆಂದು ಗೋಡೆಯ ಮೇಲೆ ಮೂರು ಕಾಲಿನ ಗುರುತುಗಳ ಪಟ ತೂಗುಹಾಕಿದೆ. "ಅಜ್ಜಿ, ಇದರ ಬಾಯಿ ಯಾವ ಕಡೆಗಿದೆ, ಕೈಯಲ್ಲಿ ತೋರ್ಸಿ" ಎಂದು ಕಾಲೇಜು ಹುಡುಗಿ ಕೇಳುತ್ತಾಳೆ. ಅಜ್ಜಿ ಒಂದು ಕಣ್ಣು ಮುಚ್ಚಿ, ಅಂದಾಜಿನಲ್ಲಿ ಕೈ ತೋರಿಸುತ್ತಾರೆ. ಅಲ್ಲಿಂದ ಬಿ.ಪಿ., ಶುಗರ್ ಪರೀಕ್ಷೆ. ಶುಗರ್ ಏರಿದ್ದರೆ ಮೊದಲು ಅದು ಹತೋಟಿಗೆ ಬರಬೇಕು. ಪೊರೆ ಬಲಿತಿದೆ ಎಂದು ವೈದ್ಯರು ಹೇಳಿದವರಿಗೆ ಶಸ್ತ್ರಚಿಕಿತ್ಸೆಯ ಚೀಟಿ. ಹೊರಗೆ ಬಸ್ ನಿಂತಿದೆ. ಕೊಟ್ಟವರು ಕ್ಲಬ್ಬಿನ ಸದಸ್ಯರಾಗಿರುವ ಬಸ್ ಮಾಲೀಕರು. ಉಪ್ಪಿಟ್ಟು, ಕಾಫಿ ಹೋಟೆಲಿನವರದು, ಕಣ್ಣಿನ ಹನಿ ಮೆಡಿಕಲ್ ಸ್ಟೋರಿನವರದು. ಬೇರೆ ಬೇರೆ ವೃತ್ತಿಯವರನ್ನು ಒಂದೇ ಮೇಜಿನ ಸುತ್ತ ಕೂರಿಸುವುದು ರೋಟರಿ ಶುರುವಿನಿಂದ ಪಾಲಿಸಿದ ಪದ್ಧತಿ. ಅದರ ಬಲ ಏನೆಂದು ತಿಳಿಯುವುದು ವಾರದ ಸಭೆಯಲ್ಲಲ್ಲ, ಇಲ್ಲಿ.

ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಪೊರೆ ತೆಗೆದು ಮಸೂರ ಕೂರಿಸುತ್ತಾರೆ. ಕಷ್ಟ ಇರುವುದು ಆಮೇಲೆ. ಸುಮಾರು ಒಂದು ತಿಂಗಳು ಹೊತ್ತುಹೊತ್ತಿಗೆ ಹನಿ ಹಾಕಬೇಕು, ಕಣ್ಣಿಗೆ ನೀರು ತಾಗಬಾರದು, ವಾರದ ನಂತರ ಒಮ್ಮೆ, ತಿಂಗಳ ನಂತರ ಒಮ್ಮೆ ಮರುತಪಾಸಣೆ ಆಗಬೇಕು. ಕನ್ನಡಕದ ನಂಬರು ನಿಲ್ಲುವುದೂ ಸುಮಾರು ಒಂದು ತಿಂಗಳ ನಂತರವೇ. ಒಂಟಿಯಾಗಿರುವ ಮುದುಕರನ್ನು ಅಷ್ಟು ಸಲ ಯಾರು ಕರೆದುಕೊಂಡು ಬರುತ್ತಾರೆ? ಶಿಬಿರದ ಫೋಟೊ ಪತ್ರಿಕೆಯಲ್ಲಿ ಬಂದಿರುತ್ತದೆ. ಮರುತಪಾಸಣೆಯ ದಿನ ಫೋಟೊ ತೆಗೆಯುವವರು ಇರುವುದಿಲ್ಲ. ಆ ದಿನವೂ ಬಸ್ ಕಳಿಸುವ ಕ್ಲಬ್ಬೇ ನನ್ನ ಲೆಕ್ಕದಲ್ಲಿ ದೊಡ್ಡ ಕ್ಲಬ್.

ಬಿಡದೆ ಬೆನ್ನುಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಪೋಲಿಯೊ ಸಾಕ್ಷಿ. ರೋಟರಿ 1985ರಲ್ಲಿ ಪೋಲಿಯೊಪ್ಲಸ್ ಘೋಷಿಸಿತು. ದೇಶದಾದ್ಯಂತ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಆರೋಗ್ಯ ಇಲಾಖೆ, ಅಂಗನವಾಡಿ ಕಾರ್ಯಕರ್ತೆಯರ ಜೊತೆ ಕ್ಲಬ್ಬಿನವರೂ ಬಸ್ ನಿಲ್ದಾಣ, ಜಾತ್ರೆ, ಇಟ್ಟಿಗೆ ಗೂಡುಗಳ ಬಳಿ ಬೂತ್ ಹಾಕಿ ಕೂತರು. ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ. ಮರುವರ್ಷ ಮತ್ತೆ ಅದೇ. ಅಧ್ಯಕ್ಷರು ಬದಲಾದರು, ಬೂತ್ ಬದಲಾಗಲಿಲ್ಲ. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡುಬಂತು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು.

ರಕ್ತದಾನಕ್ಕೂ ಇಂಥದೇ ಹಟ ಬೇಕು. ಬೆಂಗಳೂರಿನ ರೋಟರಿ–ಟಿಟಿಕೆ ರಕ್ತನಿಧಿಯಂತಹ ಕೇಂದ್ರಗಳು ಕ್ಲಬ್‌ಗಳ ಕೈ ಸೇರಿ ನಿಂತಿವೆ. ಆದರೆ ನಮ್ಮ ಶಿಬಿರಗಳು ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಗಣ್ಯರ ಹುಟ್ಟುಹಬ್ಬಗಳಿಗೆ ಗುಂಪುಗೂಡುತ್ತವೆ. ಕೆಂಪು ರಕ್ತಕಣಗಳನ್ನು ಕೆಡದಂತೆ ಇಡಲಾಗುವುದು ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್‌ಗೆ ಐದೇ ದಿನ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ದಾನಿಗಳು ಊರಿಗೆ. ಥಲಸ್ಸೀಮಿಯಾ ಇರುವ ಮಗುವಿಗೆ ಮಾತ್ರ ರಜೆಯಿಲ್ಲ. ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಅಕ್ಟೋಬರಿನ ಒಂದು ದೊಡ್ಡ ಶಿಬಿರಕ್ಕಿಂತ ಬೇಸಿಗೆಯ ಎರಡು ಸಣ್ಣ ಶಿಬಿರಗಳು ಹೆಚ್ಚು ಜೀವ ಉಳಿಸುತ್ತವೆ.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. 1989ರಲ್ಲಿ ನಿಯಮ ತಿದ್ದುವವರೆಗೆ ರೋಟರಿಯ ಸದಸ್ಯತ್ವ ಮಹಿಳೆಯರಿಗೆ ತೆರೆದಿರಲಿಲ್ಲ. 2022ರಲ್ಲಿ ಕೆನಡಾದ ಜೆನಿಫರ್ ಜೋನ್ಸ್ ಇಡೀ ಸಂಸ್ಥೆಯ ಮೊದಲ ಅಧ್ಯಕ್ಷೆಯಾದರು. ನಮ್ಮ ಊರುಗಳಲ್ಲೂ ಅಧ್ಯಕ್ಷೆಯರಿದ್ದಾರೆ. ಶಾಲೆಗೆ ಶೌಚಾಲಯ ಕಟ್ಟುವಾಗ ನೀರಿನ ತೊಟ್ಟಿ, ಒಳಗಿನ ಚಿಲಕ, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿ ಇವೆಯೇ ಎಂದು ನೆನಪಿಟ್ಟು ಕೇಳುವವರು ಹೆಚ್ಚಾಗಿ ಇವರೇ.

ಒಂದೇ ವರ್ಷದ ಅಧಿಕಾರಾವಧಿಯಿಂದ ಹೊಸಬರಿಗೆ ಅವಕಾಶ ಸಿಗುತ್ತದೆ, ಯಾರೂ ಕುರ್ಚಿಗೆ ಅಂಟಿ ಕೂರುವುದಿಲ್ಲ. ಅದು ಒಳ್ಳೆಯದೇ. ಆದರೆ ಹಿಂದಿನವರು ಹಾಕಿಸಿದ ಶುದ್ಧ ನೀರಿನ ಘಟಕದ ಫಿಲ್ಟರ್ ಕೆಟ್ಟಾಗ ಅದನ್ನು ಬದಲಿಸುವುದು ಈಗಿನವರ ಕೆಲಸವೇ. ಹೊಸ ಫಲಕಕ್ಕಿಂತ ಹಳೆಯ ನಲ್ಲಿಗೆ ಮೊದಲ ಖರ್ಚು ಹೋಗಲಿ. ಈ ವರ್ಷ ಅಧಿಕಾರ ವಹಿಸಿಕೊಂಡ ಅಧ್ಯಕ್ಷರೇ, ನಿಮ್ಮ ವರ್ಷದ ಕ್ಯಾಲೆಂಡರಿನಲ್ಲಿ ಮರುತಪಾಸಣೆಯ ದಿನಗಳನ್ನೂ ಬೇಸಿಗೆಯ ರಕ್ತದಾನದ ದಿನಾಂಕವನ್ನೂ ಇವತ್ತೇ ಗುರುತು ಹಾಕಿ. ಓದುಗರೇ, ನಿಮ್ಮ ವಯಸ್ಸು 18 ದಾಟಿ, ತೂಕ 45 ಕಿಲೊ ಇದ್ದು, ಆರೋಗ್ಯ ಚೆನ್ನಾಗಿದ್ದರೆ ಆ ದಿನ ಹೋಗಿ ರಕ್ತ ಕೊಡಿ. ಪಕ್ಕದ ಮನೆಯ ಅಜ್ಜಿಗೆ ಕಣ್ಣು ಮಂಜಾಗಿದ್ದರೆ ಶಿಬಿರಕ್ಕೆ ಜೊತೆಯಲ್ಲಿ ಕರೆದೊಯ್ಯಿರಿ.